ಮೂವತ್ತನೆಯ ಊರಿನಲ್ಲೊಂದು ಸಾವು

ಪೆನ್ನು ಗಿರಗಿರನೆ ತಿರುಗಿ ನಿಂತಾಗ ಅದರ ಮೂತಿ ಎಮ್ಮೆಯ ಕಡೆಗಿತ್ತು.

ಸುತ್ತ ನಿಂತವರೆಲ್ಲ ಎಮ್ಮೆಯನ್ನು ನೋಡಿದರು. ಎಮ್ಮೆ ತ್ರಿಶಲಾಳನ್ನು ನೋಡಿತು. ಹಾಲಿನ ಡೇರಿಯ ಕಟ್ಟೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ ಅವಳಿಗೆ, ಇವತ್ತಿನ ಮೊದಲ ಸಂದರ್ಶನ ಇದರದ್ದೇ ಇದ್ದೀತು ಅನ್ನಿಸಿ ನಗು ಉಕ್ಕಿತು. ಕೆಲಸದ ಹೊತ್ತಿನಲ್ಲಿ ನಗುವುದು ಅವಳ ಪದ್ಧತಿಯಲ್ಲ. ಪೆನ್ನು ಎತ್ತಿಕೊಂಡು ಎದ್ದು ನಿಂತಳು.

"ಇನ್ನೊಮ್ಮಿ ತಿರಗಸ್ರಿ ಮೇಡಂ," ಎಂದ ಅಣ್ಣಾಸಾಬ. "ಅದು ಅಮೋಘಸಿದ್ದನ ಎಮ್ಮಿ. ಅದಕ್ಕೇನ ತಿಳೀತೈತಿ?"

"ಎಮ್ಮೆ ಅಲ್ರಿ. ದಿಕ್ಕು."

ಅಣ್ಣಾಸಾಬ ಪಂಚಾಯತಿ ಮೆಂಬರು. ಬಿಳಿ ಟೊಪ್ಪಿಗೆ, ಬಿಳಿ ಅಂಗಿ, ಮುಖದ ತುಂಬ ಹಲ್ಲು. ಬೆಳಿಗ್ಗೆ ಅವಳ ಜೀಪು ಊರ ಅಗಸಿ ಬಾಗಿಲ ಹತ್ತಿರ ನಿಂತಾಗಿನಿಂದ ಅವಳ ಬೆನ್ನು ಬಿಟ್ಟಿರಲಿಲ್ಲ. ಅವನಿಗೆ ಅವಳು ಇನ್ನೊಂದು ಸಲ ಪಾಠ ಒಪ್ಪಿಸಿದಳು. ಊರ ನಡುವೆ ಪೆನ್ನು ತಿರುಗಿಸುವುದು, ಅದು ತೋರಿಸಿದ ಕಡೆ ನಡೆಯುವುದು, ಆ ಸಾಲಿನ ಒಂದು ಮನೆಯನ್ನು ಚೀಟಿ ಎತ್ತಿ ಆರಿಸುವುದು, ಆಮೇಲೆ ಅದರ ಮಗ್ಗುಲ ಮನೆ, ಅದರ ಮಗ್ಗುಲ ಮನೆ. ತನಗೆ ಬೇಕಾದವರನ್ನು ಆರಿಸಿಕೊಂಡಳು ಎಂದು ನಾಳೆ ಯಾರೂ ಅನ್ನಬಾರದು.

"ದೇವರ ಹೇಳಿಕಿ ಕೇಳಿದಂಗ ಅನ್ರಿ," ಎಂದ ಅಣ್ಣಾಸಾಬ, ಎಲ್ಲ ತಿಳಿದವನಂತೆ.

ಹಿಂದಿನಿಂದ ಯಾರೋ, "ನನ್ನ ಹೋರಿ ಕಳದೈತ್ರಿ, ಆ ಪೆನ್ನಿಗಿ ಜರಾ ಕೇಳ್ರಿ," ಎಂದರು. ಗುಂಪು ಗೊಳ್ಳೆಂದಿತು. ಎಮ್ಮೆ ತನ್ನ ಪಾಡಿಗೆ ತಾನು ಎದ್ದು ಹೋಯಿತು.

ಊರಿಗೊಂದು ಹೆಸರಿತ್ತು. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಚಿಮಣಿ ಕಾಣುವಷ್ಟು ದೂರದಲ್ಲಿ, ಕೃಷ್ಣೆಯ ದಂಡೆಗೆ ಅಂಟಿಕೊಂಡಿದ್ದ ಊರು. ತ್ರಿಶಲಾಳ ಟ್ಯಾಬಿನಲ್ಲಿ ಅದು ಬರೀ ಮೂವತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಶ್ರಾವಣದ ನೆರೆ ಹೊಕ್ಕ ಊರುಗಳ ಪೈಕಿ ಮೂವತ್ತನ್ನು ಆರಿಸಿದ್ದರು. ಇಪ್ಪತ್ತೊಂಬತ್ತು ಮುಗಿದಿದ್ದವು. ಇದೊಂದು ಆದರೆ ಸಮೀಕ್ಷೆ ಆಯಿತು.

ಅವಳ ಕಸುಬು ಒಂದೇ ಮಾತಿನಲ್ಲಿ ಹೇಳಬಹುದಾದದ್ದು. ವಿಪತ್ತು ಬಂದು ಹೋದ ಮೇಲೆ ಎಷ್ಟು ಜನ ಸತ್ತರು ಎಂದು ಮನೆಮನೆಗೆ ಹೋಗಿ ಕೇಳುವುದು. ನೀರಿನಲ್ಲಿ ಕೊಚ್ಚಿಹೋದವರ ಲೆಕ್ಕ ಹೇಗೂ ತಹಶೀಲ್ದಾರರ ಹತ್ತಿರ ಇರುತ್ತದೆ. ಅವಳು ಹುಡುಕುವುದು ಆಮೇಲೆ ಹೋದವರನ್ನು: ವಾಂತಿಭೇದಿಗೆ, ಜ್ವರಕ್ಕೆ, ಹೊತ್ತಿಗೆ ಸಿಗದ ಗುಳಿಗೆಗೆ, ದಾರಿಯಿಲ್ಲದೆ ದವಾಖಾನೆ ಮುಟ್ಟದ ಹೆರಿಗೆಗೆ ಬಲಿಯಾದವರನ್ನು. ಬಿಹಾರದಲ್ಲಿ ಕೇಳಿದ್ದಳು. ಒಡಿಶಾದ ಚಂಡಮಾರುತದ ಬೆನ್ನಿಗೇ ಕೇಳಿದ್ದಳು. ಗಡಿಯಾಚೆಯ ನಿರಾಶ್ರಿತರ ಶಿಬಿರದಲ್ಲಿ ದುಭಾಷಿಯನ್ನು ನಡುವೆ ಕೂರಿಸಿಕೊಂಡು ಕೇಳಿದ್ದಳು. ಹುಟ್ಟಿದ ಸೀಮೆಯಲ್ಲಿ ಕೇಳುತ್ತಿರುವುದು ಇದೇ ಮೊದಲು.

ಚಿಕ್ಕೋಡಿಯಲ್ಲಿ ಅವಳ ಅಣ್ಣನ ಮನೆ ಇತ್ತು. ಅವಳು ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ಇಳಿದಿದ್ದಳು. ಯಾಕೆ ಎಂದು ಅಣ್ಣ ಕೇಳಿದ್ದಕ್ಕೆ, ಕೆಲಸಕ್ಕೆ ಅನುಕೂಲ ಎಂದಿದ್ದಳು. ಅಣ್ಣ ಮತ್ತೊಮ್ಮೆ ಕೇಳಲಿಲ್ಲ. ಕೇಳಲಿಲ್ಲವೆಂದು ಅವಳಿಗೆ ಸಿಟ್ಟು ಬಂದಿತ್ತು. ಕೇಳಿದ್ದರೂ ಬರುತ್ತಿತ್ತು.

ಚೀಟಿಯಲ್ಲಿ ಎದ್ದ ಮೊದಲ ಮನೆ ಸಂಭಾಜಿಯದು. ಅವನು ಕಬ್ಬಿನ ಟ್ರ್ಯಾಕ್ಟರು ಹೊಡೆದುಕೊಂಡು ಕಾರ್ಖಾನೆಗೆ ಹೋಗಿದ್ದ. ಹೆಂಡತಿ ಅಕ್ಕುತಾಯಿ ಹೊಸ್ತಿಲಲ್ಲೇ ಚಾಪೆ ಹಾಸಿ, ಸೆರಗು ಸರಿಮಾಡಿಕೊಂಡು, ಪರೀಕ್ಷೆಗೆ ಕೂತವಳಂತೆ ಕೂತಳು.

"ನೆರೆ ಬಂದಾಗ ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದಿರಿ?" ತ್ರಿಶಲಾ ಕೇಳಿದಳು. "ಮನೆ ಅಂದರೆ, ಒಂದೇ ಒಲೆಯ ಅಡಿಗೆ ಉಣ್ಣುವವರು."

ಅಕ್ಕುತಾಯಿ ಬೆರಳು ಮಡಚುತ್ತ ಹೋದಳು. ಬೆರಳು ಮುಗಿದವು. "ಎಂಟನೂರ ಆಗ್ತಾರೇನ್ರಿ ಅಣ್ಣಾಸಾಬ?"

"ಎಂಟನೂರಾ ಇಪ್ಪತ್ತ," ಎಂದು ತಿದ್ದಿದ ಅಣ್ಣಾಸಾಬ. "ಅನಂತಪುರದಿಂದ ಜಿನ್ನಪ್ಪನ ಬೀಗರೂ ಬಂದಿದ್ರಲ್ಲ."

ತ್ರಿಶಲಾ ತಲೆಯೆತ್ತಿ ನೋಡಿದಳು. ಇಬ್ಬರ ಮುಖದಲ್ಲೂ ಚೇಷ್ಟೆ ಇರಲಿಲ್ಲ.

ಸಂಗತಿ ಇಷ್ಟೇ. ನೀರು ಊರೊಳಗೆ ಬಂದ ದಿನ ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ದಿಬ್ಬದ ಮೇಲಿನ ಹೈಸ್ಕೂಲು ಸೇರಿದ್ದರು. ಅಲ್ಲಿ ಮೂರು ಕಲ್ಲಿಟ್ಟು ಒಂದು ಒಲೆ, ಒಲೆಯ ಮೇಲೆ ಮದುವೆ ಮನೆಯ ಹಂಡೆ. ನೀರು ಇಳಿಯುವವರೆಗೂ ಇಡೀ ಊರು ಉಂಡದ್ದು ಅದರಲ್ಲೇ. ನೆರೆ ಬಂದಾಗ ಒಂದು ಒಲೆಯಲ್ಲಿ ಉಂಡವರು ಎಷ್ಟು ಎಂದು ಕೇಳಿದರೆ ಅವರು ಇನ್ನೇನು ಹೇಳಬೇಕು?

"ಅದಲ್ಲ," ಎಂದಳು ತ್ರಿಶಲಾ. "ನಿಮ್ಮ ಸ್ವಂತ ಒಲೆ. ಈ ಮನೆಯದು."

"ಈ ಮನೀ ಒಲಿ ನೀರಾಗ ಇತ್ತಲ್ರಿ," ಎಂದಳು ಅಕ್ಕುತಾಯಿ. "ಅದರಾಗ ಯಾರ ಉಣ್ತಾರ?"

ಟ್ಯಾಬು ಎರಡೇ ಅಂಕಿ ತೆಗೆದುಕೊಳ್ಳುತ್ತಿತ್ತು. ತೊಂಬತ್ತೊಂಬತ್ತಕ್ಕಿಂತ ದೊಡ್ಡ ಸಂಸಾರ ಇದ್ದೀತೆಂದು ಅದನ್ನು ಮಾಡಿದವರಿಗೆ ತೋಚಿರಲಿಲ್ಲ. ಹತ್ತು ನಿಮಿಷದ ಮನೆಗೆ ಅರ್ಧ ಗಂಟೆ ಹಿಡಿಯಿತು. ಎರಡನೆಯ ಮನೆಯಲ್ಲೂ ಎಂಟನೂರು. ಮೂರನೆಯ ಮನೆಯಾತ, ಅಣ್ಣಾಸಾಬ ಬೀಗರನ್ನು ಸೇರಿಸಿದ್ದು ತಪ್ಪೆಂದು ಜಗಳಕ್ಕೇ ನಿಂತ.

ನೆರೆಯ ಮಾತೆತ್ತಿದರೆ ಇವರ ಮುಖ ಅರಳುತ್ತಿತ್ತು. ಅದು ಅವಳಿಗೆ ಹೊಸದು. ಉಳಿದ ಊರುಗಳಲ್ಲಿ ಜನ ಗೋಡೆ ಬಿದ್ದದ್ದು, ಬೆಳೆ ಕೊಳೆತದ್ದು ಹೇಳಿ ನಿಟ್ಟುಸಿರು ಬಿಟ್ಟಿದ್ದರು. ಇಲ್ಲಿಯೂ ಗೋಡೆ ಬಿದ್ದಿದ್ದವು, ಕಬ್ಬು ಕೊಳೆತಿತ್ತು. ಅದನ್ನು ಒಂದು ಮಾತಿನಲ್ಲಿ ಮುಗಿಸಿ ಹೈಸ್ಕೂಲಿನ ಸುದ್ದಿಗೆ ಬರುತ್ತಿದ್ದರು. ಊರಲ್ಲಿ ಜೈನರ ಮನೆಗಳು ಬಹಳ. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಎರಡು ಹಂಡೆ ಇರಲಿಲ್ಲವಾಗಿ ಊರಿಗೆ ಊರೇ ಬಿಸಿಲಿರುವಾಗಲೇ ಉಂಡು ಕೈ ತೊಳೆಯುವ ರೂಢಿ ಬಿತ್ತು.

"ನನ್ನ ಪಿತ್ತ ಹೋತ್ರಿ ಅದರಾಗ," ಎಂದನೊಬ್ಬ. "ಕತ್ತಲಾದಕೂಡ್ಲೇ ಭಜನಿ. ಮತ್ತ ಬರ್ಲಿ ಬಿಡ್ರಿ ನೆರಿ, ನಮಗೇನೂ ಅಡ್ಡಿಲ್ಲ."

"ನೆರೆ ಬಂದ ಮೇಲೆ, ಇವತ್ತಿನವರೆಗೆ, ನಿಮ್ಮಲ್ಲಿ ಯಾರಾದರೂ ತೀರಿಕೊಂಡರೇ?"

"ಛೇ ಛೇ. ಯಾರೂ ಇಲ್ರಿ. ಕೋಳಿ ಸೈತ ಸತ್ತಿಲ್ಲ. ಬಗಲಾಗ ಹಿಡಕೊಂಡ ಒಯ್ದೇವಿ. ಹೈಸ್ಕೂಲಿನ್ಯಾಗ ಎರಡ ಕೂಸ ಹುಟ್ಟ್ಯಾವ ನೋಡ್ರಿ ಮತ್ತ!"

"ಒಳ್ಳೆಯದಾಯಿತು," ಎಂದು ತ್ರಿಶಲಾ ಸೊನ್ನೆ ಒತ್ತಿದಳು.

ಪ್ರತಿ ಸೊನ್ನೆಗೂ ಹೊಟ್ಟೆಯೊಳಗೆ ಏನೋ ಜಾರಿದಂತಾಗುತ್ತಿತ್ತು. ಬೆಳಿಗ್ಗೆ ಲಾಡ್ಜಿನಲ್ಲಿ ತಿಂದ ಇಡ್ಲಿಯ ಮೇಲೆ ತಪ್ಪು ಹೊರಿಸಿದಳು. ಐದನೆಯ ಮನೆಯ ಹೊತ್ತಿಗೆ ಇಡ್ಲಿಯ ಮೇಲಿನ ಆರೋಪ ನಿಲ್ಲಲಿಲ್ಲ. ಅದು ನಿರಾಸೆ. ಎದುರಿಗೆ ಕೂತವನು ತನ್ನ ಮನೆಯವರೆಲ್ಲ ಬದುಕಿದ್ದಾರೆ ಎಂದು ಹಲ್ಲು ಬಿಟ್ಟು ಹೇಳುತ್ತಿದ್ದ, ತಾನು ಅಯ್ಯೋ ಅಂದುಕೊಳ್ಳುತ್ತಿದ್ದಳು. ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಹೇಸಿಗೆ ಪಟ್ಟುಕೊಂಡೇ ಆರನೆಯ ಮನೆಗೆ ಹೋದಳು.

ಮಧ್ಯಾಹ್ನ ದೆಹಲಿಯ ಆಫೀಸಿನಿಂದ ಅವಳ ಮೇಲಿನ ಸರ್ ಫೋನ್ ಮಾಡಿದರು.

"ಏನಾಯಿತು?"

"ಸೊನ್ನೆ."

ಅತ್ತ ಕಡೆ ಹಾಳೆ ಮಗುಚಿದ ಸದ್ದು ಕೇಳಿಸಿತು.

"ಮನೆ ಇನ್ನೂ ಉಳಿದಿವೆಯಾ?"

"ಕೆಲವು."

"ಸರಿ. ನೋಡು."

ಏನನ್ನು ನೋಡುವುದು ಎಂದು ಅವಳು ಕೇಳಲಿಲ್ಲ. ಅವರು ಹೇಳಲಿಲ್ಲ. ಹತ್ತು ಸಾವಿರ ಜನಕ್ಕೆ ದಿನಕ್ಕೆ ಇಷ್ಟು ಸಾವು ಎಂಬ ಒಂದು ಮಿತಿ ಇರುತ್ತದೆ. ಅದನ್ನು ದಾಟಿದರೆ ಅದು ವಿಪತ್ತು, ದಾಟದಿದ್ದರೆ ಮಳೆಗಾಲ. ಇಪ್ಪತ್ತೊಂಬತ್ತು ಊರುಗಳ ಸಾವು ಕೂಡಿಸಿದರೆ ಮಿತಿಯ ಅಂಚಿಗೆ ಬಂದು ನಿಂತಿತ್ತು. ಇನ್ನು ಒಂದೇ ಒಂದು ಸಾವು ಕಡಿಮೆ.

ದಾಟಿದರೆ ಅವಳ ಸಂಸ್ಥೆಯ ನೆರೆ ಪರಿಹಾರ ಯೋಜನೆಯ ಎರಡನೆಯ ಹಂತ ಮಂಜೂರಾಗುತ್ತದೆ. ನದಿ ದಂಡೆಯ ಊರುಗಳಿಗೆ ವಾರಕ್ಕೊಮ್ಮೆ ಡಾಕ್ಟರನ್ನೂ ಗುಳಿಗೆಯನ್ನೂ ಹೊತ್ತು ಬರುವ ಗಾಡಿ ಮುಂದುವರಿಯುತ್ತದೆ. ತ್ರಿಶಲಾಳ ಕೆಲಸವೂ ಮುಂದುವರಿಯುತ್ತದೆ. ಮನಸ್ಸಿನಲ್ಲಿ ಇದನ್ನು ಹೇಳಿಕೊಳ್ಳುವಾಗಲೆಲ್ಲ ಅವಳು ಗಾಡಿಯನ್ನೇ ಮೊದಲು ಹೇಳಿಕೊಳ್ಳುತ್ತಿದ್ದಳು.

ದಾಟದಿದ್ದರೆ ದೆಹಲಿಯ ಕೋಣೆ. ಅಲ್ಲಿ ಅವಳದ್ದೊಂದು ಗ್ಯಾಸಿನ ಒಲೆ ಇತ್ತು. ಕೊಂಡು ಮೂರು ವರ್ಷವಾಗಿದ್ದರೂ ಅದರ ಗಾಜಿನ ಮೇಲೆ ಅಂಗಡಿಯ ಚೀಟಿ ಹಾಗೇ ಇತ್ತು.

ಅವಳು ಪಂಚಾಯತಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಅಣ್ಣಾಸಾಬ ಚಹಾ ಹಿಡಿದುಕೊಂಡು ಬಂದ.

"ಯಾಕ ಮೇಡಂ, ಮಾರಿ ಸಣ್ಣ ಮಾಡೀರಿ? ನಮ್ಮ ಮಂದ್ಯಾಗ ಯಾರರ ಏನರ ಅಂದ್ರೇನ?"

"ಏನಿಲ್ಲ."

"ಹಂಗಲ್ಲ. ಹೇಳ್ರಿ."

ಸಮೀಕ್ಷೆಗೆ ಹೋದವರು ಜನರ ಮುಂದೆ ಫಲಿತಾಂಶದ ಮಾತಾಡಬಾರದು. ಇದನ್ನು ಅವಳೇ ಬೇರೆಯವರಿಗೆ ಕಲಿಸಿದ್ದಳು, ಪರದೆಯ ಮೇಲೆ ಚಿತ್ರ ಹಾಕಿ. ಈಗ ಚಹಾ ಬಿಸಿಯಾಗಿತ್ತು, ಅಣ್ಣಾಸಾಬ ತನ್ನ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ, ಯಾರಾದರೂ ಇಷ್ಟು ಪುರುಸೊತ್ತಿನಿಂದ ಅವಳನ್ನು ಕೇಳಿ ಬಹಳ ದಿನವಾಗಿತ್ತು.

"ಇಲ್ಲಿ ಯಾರೂ ಸತ್ತಿಲ್ಲವಲ್ಲ," ಎಂದಳು.

"ಹೌದ್ರಿ!" ಎಂದ ಅವನು, ಹಿಗ್ಗಿ.

"ಅದಕ್ಕೇ ಆ ಔಷಧದ ಗಾಡಿ ನಿಂತರೂ ನಿಲ್ಲಬಹುದು. ಇಲ್ಲಿ ಅದರ ಅಗತ್ಯ ಇಲ್ಲ ಅಂತ ಅವರು ಅಂತಾರೆ."

ಅಣ್ಣಾಸಾಬನ ಹಲ್ಲು ಒಂದೊಂದಾಗಿ ಒಳಗೆ ಹೋದವು. ಅವನು ಹೊಳೆಯ ಕಡೆ ನೋಡಿದ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ಮರಾಠಿ ಹಾಡು ಹಚ್ಚಿಕೊಂಡು ದಾಟಿಹೋಯಿತು. ಆಮೇಲೆ ಅವನು ಧ್ವನಿ ತಗ್ಗಿಸಿ, ಮದುವೆಗೆ ಪಾತ್ರೆ ಬೇಕೆಂದು ಬಂದವರನ್ನು ಕೇಳುವ ಹಾಗೆ ಕೇಳಿದ:

"ಎಷ್ಟ ಬೇಕ್ರಿ?"

"ಏನು?"

"ಸತ್ತವರು."

ಅವಳು ತಟ್ಟನೆ ಎದ್ದು ಹೋಗಬೇಕಾಗಿತ್ತು. ಬದಲಿಗೆ ತನ್ನ ದನಿ ತನಗೇ ಕೇಳಿಸಿತು. "ಒಂದಾದರೂ."

ಸುದ್ದಿ ಅವಳಿಗಿಂತ ಮುಂಚೆ ಮನೆಗಳನ್ನು ಮುಟ್ಟಿತು. ಈ ಕಡೆಯಲ್ಲಿ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಸಕ್ಕರೆಯೋ, ನೀರೋ, ಹೊಲದ ಎರಡು ಗೆಣಸೋ ಕೊಟ್ಟೇ ಕಳಿಸುತ್ತಾರೆ. ಮುಂದಿನ ಬಾಗಿಲಲ್ಲಿ ಗಂಡಹೆಂಡತಿ ಇಬ್ಬರೂ ಸಜ್ಜಾಗಿ ನಿಂತಿದ್ದರು.

"ನಮ್ಮ ಮಾವ ಹೋಗಿ ನಾಕ ವರ್ಷಾತ್ರಿ," ಎಂದಳು ಹೆಂಡತಿ. "ನಡೀತೈತೇನ್ರಿ?"

"ಇಲ್ಲ. ನೆರೆ ಬಂದ ಮೇಲೆ ಆಗಿರಬೇಕು."

"ನೋಡ," ಎಂದು ಆಕೆ ಗಂಡನ ಕಡೆ ತಿರುಗಿದಳು. "ನಿಮ್ಮಪ್ಪಂದ ಯಾವಾಗ್ಲೂ ಗಡಿಬಿಡಿನ."

ಅದರ ಮಗ್ಗುಲ ಮನೆಯವರ ಲೆಕ್ಕದಲ್ಲಿ ಸತ್ತದ್ದು ಎಮ್ಮೆಯ ಕರು. ಅದರಾಚೆಯ ಮುದುಕ, ತನ್ನ ಸೋದರಮಾವ ಮೀರಜಿನ ದವಾಖಾನೆಯಲ್ಲಿ ನಾಳೆಯೋ ನಾಡಿದ್ದೋ ಅನ್ನುವಂತಿದ್ದಾನೆಂದೂ ಮೇಡಂ ಎರಡು ದಿನ ಊರಲ್ಲೇ ನಿಂತರೆ ಕೆಲಸ ಆಗಿಹೋಗುತ್ತದೆಂದೂ ಭರವಸೆ ಕೊಟ್ಟ. ಉಳಿಯುವುದಕ್ಕೆ ತನ್ನ ಮೇಲುಕೋಣೆ ತೋರಿಸಿದ. ತ್ರಿಶಲಾ ಕೈಮುಗಿದು ಮುಂದೆ ಹೋದಳು. ಎಲ್ಲರಿಗೂ ಅವಳನ್ನು ಕಂಡು ಕನಿಕರ. ಶಿಬಿರಗಳಲ್ಲಿ ಅವಳು ಕನಿಕರ ಪಟ್ಟಿದ್ದುಂಟು, ಪಡಿಸಿಕೊಂಡದ್ದಿಲ್ಲ.

ಕೊನೆಯ ಮನೆ ಶ್ರೀಪಾಲನದು. ಪಡಸಾಲೆಯ ತುಂಬ ಜನ. ಶ್ರೀಪಾಲ, ಅವನ ಹೆಂಡತಿ ನೀಲಮ, ಕಾಗವಾಡದ ಕಾಲೇಜಿಗೆ ಹೋಗುವ ಮಗ ನಿಖಿಲ, ಅವನ ತಂಗಿಯರು, ಕಾಕಾನ ಮಕ್ಕಳು, ಸುಮ್ಮನೆ ಬಂದ ನೆರೆಮನೆಯವರು. ನಡುವೆ ನೆಲಕ್ಕೆ ಹಾಸಿದ ಕೌದಿಯ ಮೇಲೆ ಶ್ರೀಪಾಲನ ತಾಯಿ ಸೋನಾಬಾಯಿ ಕಾಲು ಚಾಚಿ ಕೂತಿದ್ದಳು. ಎಂಬತ್ತು ದಾಟಿದ ಬೊಚ್ಚು ಬಾಯಿ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು.

"ಯಾರ ಪೈಕಿ ಬೇ ನೀ?" ಎಂದಳು ಸೋನಾಬಾಯಿ.

"ಚಿಕ್ಕೋಡಿಯವಳು."

"ಚಿಕ್ಕೋಡಿ ದೊಡ್ಡದೈತಿ."

"ಬಾಳಪ್ಪ ಮಾಸ್ತರ ಮಗಳು." ತಂದೆಯ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಯಿತೋ. ಬೇರೆ ಯಾರದೋ ವಿಳಾಸ ಹೇಳಿದಂತೆ ಕೇಳಿಸಿತು.

"ಹಂಗಾರ ನಮ್ಮಾಕಿನ. ಮದಿವಿ?"

"ಇಲ್ಲ."

"ಚಲೋ ಆತು," ಎಂದು ಮುದುಕಿ ಸೊಸೆಯ ಕಡೆ ನೋಡಿ ಕಣ್ಣು ಮಿಟುಕಿಸಿದಳು. "ಈಗ ಕೆಲಸದ ಮಾತ. ಅಣ್ಣಾಸಾಬ ಹೇಳ್ಯಾನ. ಒಂದ ಕಡಿಮಿ ಬಿದ್ದೈತೆಂತಲ್ಲ. ನನ್ನ ಬರ್ಕೋ."

"ಆಯಿ!" ಎಂದ ಶ್ರೀಪಾಲ.

"ನೀ ಸುಮ್ಮಿರ. ಆ ಗಾಡಿ ಬರ್ಲಿಲ್ಲಂದ್ರ ನನ್ನ ಸಕ್ರಿ ಬ್ಯಾನಿ ಗುಳಿಗಿ ನಿಮ್ಮಪ್ಪ ಮ್ಯಾಲಿಂದ ಕಳಸ್ತಾನ? ಹೆಂಗೂ ಹೋಗೂದೈತಿ. ನಾಕ ದಿನ ಹಿಂದ, ನಾಕ ದಿನ ಮುಂದ."

"ಸತ್ತಾಕಿಗಿ ಗುಳಿಗಿ ಯಾರ ಕೊಡ್ತಾರ ಆಯಿ?" ಎಂದಳು ನೀಲಮ.

"ನಿನ್ನ ಹೆಸರಲೇ ತಗೋತೇನಿ. ಅಷ್ಟೂ ತಿಳೀಲಿಲ್ಲಾ?"

ಪಡಸಾಲೆ ನಕ್ಕಿತು. "ಸುಳ್ಳು ಬರೆಯುವ ಹಾಗಿಲ್ಲ ಆಯಿ," ಎಂದಳು ತ್ರಿಶಲಾ. ಹಾಗೆನ್ನುತ್ತಿರುವಾಗಲೇ ಅವಳ ಬೆರಳು ಸತ್ತವರು ಎಂಬಲ್ಲಿ ಒಂದು ಎಂದು ಒತ್ತಿತ್ತು. ಬರೀ ನೋಡೋಣ, ಅಳಿಸಿದರಾಯಿತು, ಅಂದುಕೊಂಡಳು. ಇಡೀ ದಿನ ತೆರೆಯದಿದ್ದ ಪುಟ ತೆರೆದುಕೊಂಡಿತು. ಹೆಸರು. ವಯಸ್ಸು. ಸಾವಿನ ಕಾರಣ.

"ಕಾರಣ ಏನಂತ ಬರೆಯಲಿ?"

"ನೆರಿ ಅಂತ ಬರಿ."

"ಸುಳ್ಳ!" ಎಂದ ನಿಖಿಲ. "ನೆರಿ ಬಂದಾಗ ಟ್ರ್ಯಾಕ್ಟರ್ ಏರಿ ಎಲ್ಲಾರಕಿಂತ ಪೈಲಾ ಕುಂತಾಕಿ ಈಕಿನ."

ಮುದುಕಿ ಯೋಚಿಸಿದಳು. "ಹೌದು, ನೀರಾಗ ಹೋದ್ಳು ಅಂದ್ರ ಮಂದಿ ಏನ ಅಂದಾರು? ನಾ ಸಲ್ಲೇಖನ ತಗೊಂಡ ಹೋಗಾಕಿ. ಅನ್ನ ನೀರ ಬಿಟ್ಟ, ಶಾಂತ ರೀತೀಲೆ."

"ಮುಂಜಾನಿ ಚಾ ಸ್ವಲ್ಪ ತಡ ಆದ್ರ ಊರ ಎತ್ತತಿ," ಎಂದಳು ನೀಲಮ. "ಅನ್ನ ನೀರ ಬಿಡಾಕಿ!"

ತ್ರಿಶಲಾ ನಕ್ಕುಬಿಟ್ಟಳು. ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು. ಯಾರೋ ಅವಳ ಬೆನ್ನು ತಟ್ಟಿದರು. ಬಹಳ ಖುಷಿಯಾಯಿತು ಅವಳಿಗೆ. ವಯಸ್ಸಾದ ನಿಶ್ಶಕ್ತಿ ಎಂದು ತುಂಬಿದಳು.

"ಎಲ್ಲಿ ತೀರಿಕೊಂಡರು?"

"ಇಲ್ಲೇ. ಈ ಕೌದಿ ಮ್ಯಾಲ." ಸೋನಾಬಾಯಿ ನಿಧಾನಕ್ಕೆ ಹಿಂದೆ ಒರಗಿ, ಸೀರೆ ಸರಿಮಾಡಿಕೊಂಡು, ಎದೆಯ ಮೇಲೆ ಕೈಯಿಟ್ಟು ಮಲಗಿ ತೋರಿಸಿದಳು. "ಹಿಂಗ."

ಮುಂದಿನ ಪ್ರಶ್ನೆ ಟ್ಯಾಬಿನಲ್ಲಿ ಮೂಡಿತು. ತ್ರಿಶಲಾ ಅದನ್ನು ಹಿಂದಿ, ಒಡಿಯಾ, ಬಂಗಾಳಿಗಳಲ್ಲಿ ಕೇಳಿದ್ದಳು. "ಆ ಹೊತ್ತಿನಲ್ಲಿ ಹತ್ತಿರ ಯಾರಿದ್ದರು?"

"ಯಾರಿದ್ರು ಅಂದ್ರ?" ಎಂದ ಶ್ರೀಪಾಲ. "ನಾ ಇಲ್ಲೇನು?" ಅವನು ಕ್ರಿಕೆಟ್ಟಿನಲ್ಲಿ ತನ್ನ ಜಾಗ ಹಿಡಿಯುವವನಂತೆ ಬಂದು ತಾಯಿಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡ. ನೀಲಮ ಲೋಟದಲ್ಲಿ ನೀರು ತಂದು ಚಮಚ ಹಿಡಿದು ಕೂತಳು. ಕಾಲು ಒತ್ತಲು ಮೊಮ್ಮಕ್ಕಳಲ್ಲಿ ನೂಕಾಟವಾಯಿತು. "ಣಮೋಕಾರ ಮಂತ್ರ ಅನ್ನಾವ ನಾನ," ಎಂದು ನಿಖಿಲ ಕಿವಿಯ ಹತ್ತಿರ ಬಾಗಿದ. ಬಾಗಿಲಲ್ಲಿದ್ದವರು ಒಳಗೆ ಬಂದರು. ಅಣ್ಣಾಸಾಬ ಟೊಪ್ಪಿಗೆ ತೆಗೆದ.

ಮೊದಲು ಕಿಸಿಕಿಸಿ ಇತ್ತು. ನಿಖಿಲ ಮಂತ್ರ ಶುರುಮಾಡಿದ್ದು ಆಟಕ್ಕೆ. ಎರಡನೆಯ ಸಾಲಿನ ಹೊತ್ತಿಗೆ ಎಲ್ಲರ ದನಿ ಕೂಡಿಕೊಂಡಿತು. ಶ್ರೀಪಾಲನ ಕೈ ತಾಯಿಯ ಹಣೆಯ ಮೇಲೆ ಆಟಕ್ಕೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಇತ್ತು. ನೀಲಮ ಚಮಚದ ನೀರನ್ನು ನಿಜವಾಗಿ ಬಾಯಿಗೆ ಬಿಟ್ಟಳು. ಮುದುಕಿ ಅದನ್ನು ನಿಜವಾಗಿ ಗುಟುಕರಿಸಿದಳು.

ತ್ರಿಶಲಾ ಬೆನ್ನುಗಳ ಹಿಂದೆ ನಿಂತಿದ್ದಳು. ಒಂದು ಸಂದಿನಲ್ಲಿ ಇಣುಕಿದಳು, ಅಲ್ಲಿ ಯಾರದೋ ಭುಜ ಬಂತು. ಇನ್ನೊಂದು ಕಡೆ ಸರಿದಳು, ಅಲ್ಲಿಯೂ ಜಾಗವಿರಲಿಲ್ಲ. ಅವಳಿಗೆ ಹೊಟ್ಟೆಕಿಚ್ಚಾಯಿತು. ಬದುಕಿರುವ ಮುದುಕಿಯೊಬ್ಬಳ ಸುಳ್ಳು ಸಾವಿನ ಮೇಲೆ, ಚಿಕ್ಕ ಹುಡುಗಿಗೆ ಆಗುವಂಥ ಹೊಟ್ಟೆಕಿಚ್ಚು.

"ಇದು ಮೂರೇ ಹೆಸರು ತಗೊಳ್ಳುತ್ತದೆ," ಎಂದಳು ಹಿಂದಿನಿಂದ. "ಯಾರದು ಬರೆಯಲಿ?"

"ಎಲ್ಲಾರದೂ ಬರಿ," ಎಂದಿತು ಶವ. ಆಮೇಲೆ ಒಂದೇ ಕಣ್ಣು ತೆರೆದು, ಕಾಲುಗಳ ನಡುವಿನಿಂದ ಅವಳನ್ನು ಹುಡುಕಿತು. "ನೀ ಹೋಗೂಮುಂದ ಹತ್ತರ ಯಾರ ಇರ್ತಾರ ಬೇ?"

"ನೋಡಬೇಕು," ಎಂದಳು ತ್ರಿಶಲಾ.

ಮುದುಕಿ ಇನ್ನೇನೋ ಕೇಳುವವಳಿದ್ದಳು. ಅಷ್ಟರಲ್ಲಿ ನೀಲಮ ಹೊರಗೆ ನೋಡಿ, "ಅಯ್ಯ, ಹೊತ್ತ ಮುಳಗಾಕ ಬಂತು. ಏಳ್ರಿ, ಏಳ್ರಿ, ಊಟಕ್ಕ," ಎಂದಳು. ಎಲ್ಲರಿಗಿಂತ ಮೊದಲು ಎದ್ದದ್ದು ಸತ್ತವಳೇ. ಮೊಮ್ಮಗನ ಹೆಗಲು ಹಿಡಿದು, ರೊಟ್ಟಿ ಮೆತ್ತಗಿರಲಿ ಎಂದು ಕೂಗುತ್ತ ಒಳಗೆ ನಡೆದಳು. ಅವಳ ಹಿಂದೆ ಮನೆಯೇ ಒಳಗೆ ಹೋಯಿತು. ನೆರೆಮನೆಯವರು ತಂತಮ್ಮ ಮನೆಗೆ ಓಡಿದರು. ಅಣ್ಣಾಸಾಬನಿಗೂ ಇಲ್ಲೇ ಊಟವೆಂದಾಯಿತು.

"ಮೇಡಂ, ಕೈಕಾಲ ತೊಳಕೊಂಡ ಬರ್ರಿ."

"ಬಂದೆ. ಇದೊಂದು ಕಳಿಸಿ ಬರ್ತೀನಿ."

ಪಡಸಾಲೆಯಲ್ಲಿ ಅವಳೊಬ್ಬಳೇ ಉಳಿದಳು. ಟ್ಯಾಬಿನಲ್ಲಿ ಎಲ್ಲ ತುಂಬಿತ್ತು. ಕಳಿಸು ಎಂಬುದು ಹಸಿರಾಗಿ ಕಾಯುತ್ತಿತ್ತು. ಒತ್ತಿದರೆ ಒಂದು ಸಾವು, ಮಿತಿ ದಾಟುತ್ತದೆ, ಗಾಡಿ ಬರುತ್ತದೆ, ತಾನೂ ಬರಬಹುದು. ಅಳಿಸಿದರೆ ಸೋನಾಬಾಯಿ ಬದುಕುತ್ತಾಳೆ, ಹೇಗೂ ಬದುಕಿಯೇ ಇದ್ದಾಳೆ. ಇಷ್ಟು ಸುಲಭದ ಲೆಕ್ಕವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಬೆರಳು ಯಾವ ಕಡೆಗೂ ಹೋಗಲಿಲ್ಲ.

ಸುಮ್ಮನೆ ಕೌದಿಯ ಮೇಲೆ ಕೂತಳು. ಅದು ಇನ್ನೂ ಬೆಚ್ಚಗಿತ್ತು. ಬೆನ್ನು ನೋಯುತ್ತಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಟ್ಯಾಬನ್ನು ಎದೆಯ ಮೇಲಿಟ್ಟುಕೊಂಡು, ಮುದುಕಿ ಬಿಟ್ಟುಹೋದ ತಗ್ಗಿನಲ್ಲಿ ಮಲಗಿದಳು.

ಆಗ ಗೋಡೆಯ ಮೇಲೆ ನೀರು ನಿಂತಿದ್ದ ಗುರುತು ಕಂಡಿತು. ಇಷ್ಟು ಹೊತ್ತು ಜನ ಮರೆಯಾಗಿ ನಿಂತಿದ್ದರು. ಕೆಸರು ಬಣ್ಣದ ಒಂದು ಗೆರೆ, ನಿಂತವರ ಎದೆಮಟ್ಟಕ್ಕೆ, ನಾಲ್ಕೂ ಗೋಡೆಗಳನ್ನು ಸುತ್ತಿ ಬಂದಿತ್ತು. ಮಲಗಿದವಳಿಗೆ ಅದು ಬಹಳ ಮೇಲಿತ್ತು.

ಒಳಗೆ ತಾಟುಗಳ ಸದ್ದು, ಯಾರೋ ನಕ್ಕದ್ದು, ಸೋನಾಬಾಯಿಯ ಬೈಗುಳ. ಬಾವಿಯಲ್ಲಿ ಮುಳುಗು ಹಾಕಿದಾಗ ದಂಡೆಯ ಮೇಲಿನವರ ಮಾತು ಕೇಳುವ ಹಾಗೆ ಎಲ್ಲವೂ ದೂರದಿಂದ, ಮೊಂಡಾಗಿ ಕೇಳಿಸುತ್ತಿತ್ತು.

"ಎಷ್ಟ ತಾಟ ಹಾಕ್ಲಿ?" ನೀಲಮಳ ದನಿ.

"ಸತ್ತಾಕೀದೂ ಹಿಡದ ಹನ್ನೊಂದ," ಎಂದ ನಿಖಿಲ. ನಗು. "ಮತ್ತ ಮೇಡಂದು."

"ಮೇಡಂ?" ಎಂದು ನೀಲಮ ಕರೆದಳು. "ಬರ್ರಿ, ಹೊತ್ತಾತು."

ತ್ರಿಶಲಾ ಟ್ಯಾಬನ್ನು ಎದೆಗೆ ಹಿಡಿದುಕೊಂಡು ಮಲಗಿಯೇ ಇದ್ದಳು; ಕಳಿಸು ಎಂಬುದು ಇನ್ನೂ ಹಸಿರಾಗಿ ಕಾಯುತ್ತಿತ್ತು. ಎದುರು ಮನೆಯ ನೆರಳು ಬಾಗಿಲಿನಿಂದ ಒಳಗೆ ಬಂದು, ಕೌದಿಯನ್ನು ದಾಟಿ, ಗೋಡೆಯ ಮೇಲೆ ಸದ್ದಿಲ್ಲದೆ ಏರುತ್ತಿತ್ತು. ಈಗ ಬಿಸಿಲು ಉಳಿದದ್ದು ಆ ಗೆರೆಯಿಂದ ಮೇಲಕ್ಕೆ ಮಾತ್ರ.